‘ವೆರುದೆ ವಿಟ್ಟು’ ಅಂದರೆ ಸುಮ್ಮನೆ ಬಿಟ್ಟದ್ದಾ?

ಪ್ರಶ್ನೆ, ಕಾಸರಗೋಡಿನ ಬದಿಯಡ್ಕದಿಂದ: ವಕೀಲರೇ, ಮಲಯಾಳ ನಟ ದಿಲೀಪ್ ಕೇಸಿನ ತೀರ್ಪು ಬಂದಾಗಿನಿಂದ ಇಲ್ಲಿನ ವಾಟ್ಸಾಪ್ ಗುಂಪುಗಳಲ್ಲಿ ಜಗಳ ನಿಂತಿಲ್ಲ. ಒಂದು ಬದಿಯವರು ‘ನಿರಪರಾಧಿ ಅಂತ ಸಾಬೀತಾಯಿತು’ ಅಂತಾರೆ, ಇನ್ನೊಂದು ಬದಿಯವರು ‘ದುಡ್ಡಿದ್ದವನನ್ನು ಸುಮ್ಮನೆ ಬಿಟ್ಟರು’ ಅಂತಾರೆ. ಮಲಯಾಳ ಚಾನೆಲಿನಲ್ಲೂ ‘ವೆರುದೆ ವಿಟ್ಟು’ ಅಂತಲೇ ಬಂತು. ಯಾವುದು ಸರಿ?

ವಕೀಲರು: ಎರಡೂ ಅಲ್ಲ. ಮೊದಲು ಆ ಪದ ನೋಡುವ. ‘ವೆರುದೆ ವಿಟ್ಟು’ ಎನ್ನುವುದು ಖುಲಾಸೆಗೆ ಮಲಯಾಳ ಪತ್ರಿಕೆಗಳ ರೂಢಿಯ ಮಾತು. ಕನ್ನಡದ ಕಿವಿಗೆ ಅದು ‘ಸುಮ್ಮನೆ ಬಿಟ್ಟರು’ ಅಂತ ಕೇಳಿಸಿದರೂ ಅದರಲ್ಲಿ ಕುಹಕ ಏನೂ ಇಲ್ಲ. ಅವರ ‘ವಿಧಿ’ ನಮ್ಮ ಹಣೆಬರಹವಲ್ಲ, ತೀರ್ಪು. ‘ಎಟ್ಟಾಂ ಪ್ರತಿ’ ಎಂದರೆ ಎಂಟನೇ ಆರೋಪಿ, ‘ಗೂಢಾಲೋಚನ’ ಎಂದರೆ ಒಳಸಂಚು. ಚಾನೆಲ್ ನೋಡಿ ಕನ್ನಡದಲ್ಲಿ ಸ್ಟೇಟಸ್ ಹಾಕುವವರು ಮೊದಲು ಎಡವುವುದು ಇಲ್ಲೇ.

ಇನ್ನು ತೀರ್ಪು. 2017ರ ಫೆಬ್ರವರಿಯಲ್ಲಿ ಕೊಚ್ಚಿಯಲ್ಲಿ ನಟಿಯೊಬ್ಬರನ್ನು ಕಾರಿನಲ್ಲೇ ಅಪಹರಿಸಿ ಲೈಂಗಿಕ ದೌರ್ಜನ್ಯ ಎಸಗಿದ ಕೇಸು ಇದು. ದಿಲೀಪ್ ಬಂಧನವಾದದ್ದು ಅದೇ ಜುಲೈಯಲ್ಲಿ, ಜಾಮೀನು ಸಿಕ್ಕಿದ್ದು ಅಕ್ಟೋಬರದಲ್ಲಿ. 2025ರ ಡಿಸೆಂಬರ್ 8ರಂದು ಎರ್ನಾಕುಳಂ ಪ್ರಿನ್ಸಿಪಲ್ ಸೆಷನ್ಸ್ ಕೋರ್ಟ್ ಒಂದರಿಂದ ಆರರವರೆಗಿನ ಆರೋಪಿಗಳು ತಪ್ಪಿತಸ್ಥರೆಂದಿತು. 12ರಂದು ಅವರಿಗೆ 20 ವರ್ಷ ಕಠಿಣ ಸಜೆ ಆಯಿತು. ಸಾಮೂಹಿಕ ಅತ್ಯಾಚಾರಕ್ಕೆ ಹಳೆ ದಂಡ ಸಂಹಿತೆಯ 376ಡಿ ಪ್ರಕಾರ ಕನಿಷ್ಠ ಶಿಕ್ಷೆಯೇ 20 ವರ್ಷ. ಎಂಟನೇ ಆರೋಪಿ ದಿಲೀಪ್ ಮೇಲೆ ಮುಖ್ಯವಾಗಿ ಇದ್ದದ್ದು ಒಳಸಂಚಿನ ಆರೋಪ. ಅದು ಸಾಬೀತಾಗಲಿಲ್ಲ ಅಂತ ಖುಲಾಸೆ. ಹಾಗಾಗಿ ‘ಇಡೀ ಕೇಸೇ ಸುಳ್ಳು’ ಅಂತ ಬರೆಯುವವರು ತೀರ್ಪಿನ ಅರ್ಧವನ್ನು ನುಂಗಿ ಬರೆಯುತ್ತಿದ್ದಾರೆ.

‘ನಿರಪರಾಧಿ ಅಂತ ಸಾಬೀತು’ ಎನ್ನುವುದೂ ತಪ್ಪು. ಆರೋಪಿ ನಿರಪರಾಧಿ ಎಂದು ಹಿಡಿದೇ ವಿಚಾರಣೆ ಶುರುವಾಗುವುದು. ಅದನ್ನು ಅಳಿಸುವ ಹೊಣೆ ಪ್ರಾಸಿಕ್ಯೂಷನ್‌ದು. ಅಳಿಸಲಾಗದಿದ್ದರೆ ಮೊದಲು ಹೇಗಿತ್ತೋ ಹಾಗೆ ಉಳಿಯುತ್ತದೆ. ಕಾನೂನಿನ ಮಟ್ಟಿಗೆ ಅವರು ಇವತ್ತು ನಿರಪರಾಧಿಯೇ.

ಪ್ರಶ್ನೆ, ಕುಂಬಳೆಯಿಂದ: ಯಾವ ದೊಡ್ಡ ಕೇಸಿನಲ್ಲೂ ‘ಪೊಲೀಸರ ಎದುರು ಎಲ್ಲ ಒಪ್ಪಿಕೊಂಡ’ ಅಂತ ಟಿವಿಯಲ್ಲಿ ಬರ್ತದೆ. ಮತ್ತೆ ಕೋರ್ಟಿನಲ್ಲಿ ಒಳಸಂಚು ಯಾಕೆ ಬಿದ್ದುಹೋಗ್ತದೆ?

ವಕೀಲರು: ಯಾವುದೇ ಒಳಸಂಚಿನ ಕೇಸಿಗೆ ಅನ್ವಯಿಸುವಂತೆ ಹೇಳುತ್ತೇನೆ. ಪೊಲೀಸರ ಎದುರು ಆದ ತಪ್ಪೊಪ್ಪಿಗೆ ಸಾಕ್ಷ್ಯವೇ ಅಲ್ಲ. ಸಾಕ್ಷ್ಯ ಅಧಿನಿಯಮದ 25ನೇ ಕಲಮು ಅದನ್ನು ಹೊರಗಿಟ್ಟಿತ್ತು, ಹೊಸ ಕಾನೂನಿನಲ್ಲೂ ಹಾಗೆಯೇ. ಆ ಹೇಳಿಕೆಯಿಂದ ಏನಾದರೂ ವಸ್ತು ಸಿಕ್ಕಿದರೆ, ಆ ವಸ್ತುವಿಗೆ ಸಂಬಂಧಪಟ್ಟ ಮಾತು ಮಾತ್ರ ಒಳಗೆ ಬರುತ್ತದೆ. ಟಿವಿಯಲ್ಲಿ ಮೂರು ದಿನ ಓಡಿದ ‘ಮೊಳಿ’, ಅಂದರೆ ಹೇಳಿಕೆ, ಕೋರ್ಟಿನ ಬಾಗಿಲು ದಾಟುವುದಿಲ್ಲ.

ಒಳಸಂಚಿಗೆ ಕಣ್ಣಾರೆ ಕಂಡ ಸಾಕ್ಷಿ ಸಿಗುವುದು ಅಪರೂಪ. ಕೊಂಡಿಗಳನ್ನೇ ಜೋಡಿಸಬೇಕು: ಇಬ್ಬರು ಭೇಟಿಯಾದದ್ದು, ಫೋನ್ ಕರೆ, ಹಣ ಕೈಬದಲಾದದ್ದು, ಉದ್ದೇಶ. ಒಂದು ಕೊಂಡಿ ಸಡಿಲವಾದರೆ ಸರಪಳಿಯೇ ಇಲ್ಲ. ಟವರ್ ಲೊಕೇಶನ್ ಹೇಳುವುದು ಫೋನ್ ಯಾವ ಪ್ರದೇಶದಲ್ಲಿತ್ತು ಅಂತ, ಇಬ್ಬರು ಎದುರೆದುರು ಕೂತು ಮಾತಾಡಿದರು ಅಂತ ಅಲ್ಲ. ಕರೆಗಳ ಪಟ್ಟಿ, ಪೆನ್‌ಡ್ರೈವ್‌ನ ಪ್ರತಿ ಇವಕ್ಕೆಲ್ಲ ಹಳೆ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯ ದೃಢೀಕರಣ) ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೆ ಗಟ್ಟಿ ಮಾಡಿದೆ. ಮಾಫಿ ಸಾಕ್ಷಿ, ಅಂದರೆ ಕ್ಷಮೆ ಪಡೆದು ಸಾಕ್ಷಿ ಹೇಳುವ ಸಹ ಆರೋಪಿ, ಸಿಕ್ಕಿದರೂ ಅವನ ಮಾತಿಗೆ ಬೇರೆ ಕಡೆಯಿಂದ ಆಧಾರ ಇಲ್ಲದೆ ಕೋರ್ಟುಗಳು ಸಾಮಾನ್ಯವಾಗಿ ನೆಚ್ಚುವುದಿಲ್ಲ.

ಆಮೇಲೆ ‘ಕೂರುಮಾರಿ’, ಅಂದರೆ ಸಾಕ್ಷಿ ತಿರುಗಿಬೀಳುವುದು. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ. ಅದನ್ನು ‘ಆಗ ಹೀಗೆ ಹೇಳಿದ್ದೆಯಲ್ಲ’ ಎಂದು ಎದುರಿಟ್ಟು ಕೇಳಬಹುದು, ಅಷ್ಟೇ. ಮ್ಯಾಜಿಸ್ಟ್ರೇಟರ ಎದುರು ಕೊಟ್ಟ ಹೇಳಿಕೆಗೆ ತೂಕ ಜಾಸ್ತಿ, ಆದರೆ ಅದೂ ಸ್ವತಂತ್ರ ಸಾಕ್ಷ್ಯವಲ್ಲ. ಕಟಕಟೆಯಲ್ಲಿ ನಿಂತು ಹೇಳಿದ್ದೇ ಲೆಕ್ಕ.

ಪ್ರಶ್ನೆ, ಮಂಜೇಶ್ವರದಿಂದ: ಇಲ್ಲಿಗೆ ಕೇಸು ಮುಗಿದ ಹಾಗಾ?

ವಕೀಲರು: ಇಲ್ಲ ಅಕ್ಕ. ಸರಕಾರ ಹೈಕೋರ್ಟಿಗೆ ಹೋಗಬಹುದು. ಹಳೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 378ನೇ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 419. ಅವಧಿ 90 ದಿನ, ಮೇಲ್ಮನವಿ ದಾಖಲಾಗಲು ಹೈಕೋರ್ಟಿನ ಅನುಮತಿಯೂ ಬೇಕು. ಸಂತ್ರಸ್ತೆಗೆ ಪ್ರತ್ಯೇಕ ಹಕ್ಕಿದೆ, 413ರಲ್ಲಿ. ಅವರಿಗೆ ಆ ಅನುಮತಿಯ ತೊಡಕಿಲ್ಲ. ಆದರೆ ಖುಲಾಸೆಯನ್ನು ಮಗುಚುವುದು ಸುಲಭವಲ್ಲ. ಚಂದ್ರಪ್ಪ ವಿರುದ್ಧ ಕರ್ನಾಟಕ ಸರಕಾರ ಕೇಸಿನಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ, ಖುಲಾಸೆಯಾದವನ ಕಡೆಗೆ ನಿರಪರಾಧಿತ್ವದ ಊಹೆ ಇಮ್ಮಡಿಯಾಗುತ್ತದೆ. ಅದೇ ಸಾಕ್ಷ್ಯದಿಂದ ಎರಡು ತೀರ್ಮಾನಕ್ಕೆ ಬರಲು ಸಾಧ್ಯವಿದ್ದರೆ ಕೆಳ ಕೋರ್ಟಿನದ್ದನ್ನು ಕದಲಿಸಬಾರದು.

ನಿವೃತ್ತ ಶಿರಸ್ತೇದಾರರು: ಒಂದು ಸೇರಿಸಲಿ ವಕೀಲರೇ. 90 ದಿನ ಎಣಿಸುವಾಗ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ ಅದು ಕೈಗೆ ಬರಲು ಹಿಡಿದ ದಿನಗಳನ್ನು ಕಳೆಯಬೇಕು. ‘ಅವಧಿ ಮುಗಿಯಿತು, ಸರಕಾರ ಮಲಗಿತು’ ಅಂತ ಕ್ಯಾಲೆಂಡರ್ ಹಿಡಿದು ಪೋಸ್ಟ್ ಹಾಕುವವರಿಗೆ ಇದು ಗೊತ್ತಿರುವುದಿಲ್ಲ. ಖುಲಾಸೆಯಾದವರಿಂದ ಮೇಲಿನ ಕೋರ್ಟ್ ಕರೆದಾಗ ಬರುತ್ತೇನೆಂದು ಆರು ತಿಂಗಳ ಮುಚ್ಚಳಿಕೆ ಬರೆಸಿಕೊಳ್ಳುವುದೂ ಉಂಟು. ಅದು ಎಲ್ಲ ಖುಲಾಸೆಗೂ ಇರುವ ಕ್ರಮ, ಅನುಮಾನದ ಗುರುತಲ್ಲ.

ಪ್ರಶ್ನೆ, ಉಪ್ಪಳದಿಂದ: ಖುಲಾಸೆಯಾದವರಿಗೆ ಜೈಲಿನಲ್ಲಿ ಕಳೆದ ದಿನಗಳಿಗೆ ಪರಿಹಾರ?

ವಕೀಲರು: ತಾನಾಗಿ ಏನೂ ಬರುವುದಿಲ್ಲ. ಆಧಾರವಿಲ್ಲದೆ ಬಂಧನ ಮಾಡಿಸಿದ್ದಕ್ಕೆ ನಾಗರಿಕ ಸುರಕ್ಷಾ ಸಂಹಿತೆಯಲ್ಲಿರುವ ಪರಿಹಾರದ ಮಿತಿ 1000 ರೂಪಾಯಿ. ಹೊಸ ಕಾನೂನು ಬಂದಾಗಲೂ ಯಾರಿಗೂ ಅದನ್ನು ಏರಿಸಬೇಕು ಅನ್ನಿಸಲಿಲ್ಲ. ದುರುದ್ದೇಶದ ಮೊಕದ್ದಮೆ ಎಂದು ಸಿವಿಲ್ ದಾವೆ ಹಾಕಬಹುದು, ಆದರೆ ದುರುದ್ದೇಶವನ್ನು ಹಾಕಿದವನೇ ತೋರಿಸಬೇಕು. ಖುಲಾಸೆಯೊಂದೇ ಸಾಲದು.

ಪ್ರಶ್ನೆ, ಮುಳ್ಳೇರಿಯದಿಂದ: ಅಮೆರಿಕದಲ್ಲಿ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ಕೊಲೆ ಕೇಸಿನಲ್ಲಿ ಖುಲಾಸೆಯಾದ ಮೇಲೂ ದುಡ್ಡು ಕಟ್ಟಬೇಕಾಯಿತಂತೆ?

ವಕೀಲರು: ಹೌದು ಮಾಷ್ಟ್ರೇ. 1995ರ ಅಕ್ಟೋಬರದಲ್ಲಿ ಕ್ರಿಮಿನಲ್ ಖುಲಾಸೆ, 1997ರ ಫೆಬ್ರವರಿಯಲ್ಲಿ ಸಿವಿಲ್ ಕೋರ್ಟಿನಲ್ಲಿ 335 ಲಕ್ಷ ಡಾಲರ್ ಹೊಣೆ. ಅಳತೆಗೋಲೇ ಬೇರೆ. ಕ್ರಿಮಿನಲ್‌ನಲ್ಲಿ ಸಮಂಜಸ ಸಂಶಯಕ್ಕೆ ಎಡೆಯಿರಬಾರದು, ಸಿವಿಲ್‌ನಲ್ಲಿ ತಕ್ಕಡಿ ಸ್ವಲ್ಪ ವಾಲಿದರೂ ಸಾಕು. ಈ ವ್ಯತ್ಯಾಸ ನಮ್ಮಲ್ಲೂ ಇದೆ.

ಪ್ರಶ್ನೆ, ಪೆರ್ಲದಿಂದ: ನಾನು ಒಂದು ಗುಂಪಿನ ಅಡ್ಮಿನ್. ಯಾರು ಏನು ಹಾಕಿದರೆ ಎಂತ ತೊಂದರೆ?

ವಕೀಲರು: ಎಲ್ಲಕ್ಕಿಂತ ಮೊದಲು ಸಂತ್ರಸ್ತೆಯ ಹೆಸರು, ಫೋಟೋ. ಹಳೆ ದಂಡ ಸಂಹಿತೆಯ ಬದಲಿಗೆ ಬಂದ ನ್ಯಾಯ ಸಂಹಿತೆಯ 72ರಲ್ಲಿ ಎರಡು ವರ್ಷದವರೆಗೆ ಸಜೆ ಮತ್ತು ದಂಡ. ಘಟನೆ 2017ರದ್ದಾದರೂ ಪೋಸ್ಟ್ ಇವತ್ತಿನದು, ಆದ್ದರಿಂದ ಹೊಸ ಕಾನೂನೇ. ‘ಇಂಥ ಸಿನಿಮಾದ ನಾಯಕಿ’ ಅಂತ ಸುಳಿವು ಕೊಟ್ಟರೂ ತಪ್ಪೇ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿ ಹೇಳಿದೆ. ಪರವಾಗಿ ಬರೆಯುವವರೇ ಪ್ರೀತಿಯಿಂದ ಹೆಸರು ಹಾಕಿಬಿಡುತ್ತಾರೆ, ಜೋಪಾನ. ದೌರ್ಜನ್ಯದ ದೃಶ್ಯ ಅಂತ ಯಾವುದಾದರೂ ಬಂದರೆ ಫಾರ್ವರ್ಡ್ ಮಾಡಬೇಡಿ. ಐಟಿ ಕಾಯ್ದೆಯ 67ಎ ಪ್ರಕಾರ ಮೊದಲ ಸಲಕ್ಕೇ ಐದು ವರ್ಷದವರೆಗೆ ಸಜೆ, 10 ಲಕ್ಷದವರೆಗೆ ದಂಡ.

ಖುಲಾಸೆಯಾದವರನ್ನು ಅಪರಾಧಿ ಎಂದು ಕರೆದರೆ ಮಾನನಷ್ಟದ ಕೇಸಿಗೆ ದಾರಿ. ತೀರ್ಪನ್ನು ಟೀಕಿಸಬಹುದು, ನ್ಯಾಯನಿಂದನೆ ಕಾಯ್ದೆಯ 5ನೇ ಕಲಮಿನಲ್ಲೇ ನ್ಯಾಯಯುತ ಟೀಕೆಗೆ ರಕ್ಷಣೆಯಿದೆ. ನ್ಯಾಯಾಧೀಶರು ಲಂಚ ತಿಂದರು ಎನ್ನುವುದು ಟೀಕೆಯಲ್ಲ. ಅದಕ್ಕೆ ಆರು ತಿಂಗಳವರೆಗೆ ಸಜೆ, 2000 ರೂಪಾಯಿವರೆಗೆ ದಂಡ.

ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ನೀವೇ ಫಾರ್ವರ್ಡ್ ಮಾಡಿದ್ದಕ್ಕೆ ಆ ರಕ್ಷಣೆ ಸಿಗದು.

ಪ್ರಶ್ನೆ, ಪೆರ್ಲದಿಂದ: ನಮ್ಮಲ್ಲಿ ಒಬ್ಬರ ಸ್ಟೇಟಸ್ ಹೀಗಿದೆ: ‘ಅಪರಾಧಿಯನ್ನು ಬಿಟ್ಟ ಮಾರಿಕೊಂಡ ಕೋರ್ಟ್.’ ಕೆಳಗೆ ನಟಿಯ ಫೋಟೋ.

ವಕೀಲರು: ಒಂದೇ ಸಾಲು, ಮೂರು ಕೇಸು! ಫೋಟೋ ಈಗಲೇ ತೆಗೆಸಿ. ಬರೆಯಲೇಬೇಕಿದ್ದರೆ ಹೀಗೆ ಬರೆಯಲಿ: ‘ಒಳಸಂಚಿನ ಸಾಕ್ಷ್ಯವನ್ನು ಕೋರ್ಟ್ ತೂಗಿದ ರೀತಿ ನನಗೆ ಒಪ್ಪಿಗೆಯಿಲ್ಲ. ಹೈಕೋರ್ಟ್ ನೋಡಲಿ.’

ಪೆರ್ಲದಿಂದ: ಫೋಟೋ ತೆಗೆದರು. ಸಾಲು ಬದಲಿಸಲು ಒಪ್ಪುತ್ತಿಲ್ಲ, ‘ಖಾರ ಇಲ್ಲ’ ಅಂತಾರೆ.