ಎ ರೆಕಾರ್ಡ್ ಬದಲಿಸಿದ ಮೇಲೂ ಮೊಬೈಲ್ ಡೇಟಾದಲ್ಲಿ ಹಳೇ ಸರ್ವರ್‌ಗೇ ಹೋಗುತ್ತಿದೆ

ಜೇನುಗೂಡು

ಎಲ್ಲರಿಗೂ ನಮಸ್ಕಾರ. ನಮ್ಮದು ವರ್ಡ್‌ಪ್ರೆಸ್, ವೂಕಾಮರ್ಸ್ ಮೇಲೆ ನಡೆಯುವ ಸಣ್ಣ ಅಂಗಡಿ. ಜೇನುತುಪ್ಪ, ಉಪ್ಪಿನಕಾಯಿ, ಹಪ್ಪಳ ಮಾರುತ್ತೇವೆ. ಹಬ್ಬ ಬಂದರೆ ಶೇರ್ಡ್ ಹೋಸ್ಟಿಂಗ್ (ಹಲವರ ಸೈಟ್ ಒಂದೇ ಸರ್ವರ್‌ನಲ್ಲಿ) ಏದುಸಿರು ಬಿಡುತ್ತಿತ್ತು, ಅದಕ್ಕೇ ಬೇರೆ ಕಡೆ ಒಂದು ವಿಪಿಎಸ್ (ನಮಗೇ ಅಂತ ಇರುವ ವರ್ಚುವಲ್ ಸರ್ವರ್) ತೆಗೆದುಕೊಂಡೆ. ಅಂಗಡಿ ಒಂದು ನಿಮಿಷವೂ ಮುಚ್ಚದ ಹಾಗೆ ಸಾಗಿಸಬೇಕು ಅನ್ನೋದೇ ಉದ್ದೇಶ.

ಹಿಂದಿನ ದಿನವೇ ಎ ರೆಕಾರ್ಡ್‌ನ (ಸೈಟ್ ಹೆಸರು ಯಾವ ಐಪಿ ವಿಳಾಸಕ್ಕೆ ಹೋಗಬೇಕು ಅಂತ ಹೇಳುವ ಡಿಎನ್‌ಎಸ್ ದಾಖಲೆ) ಟಿಟಿಎಲ್ (ಆ ಉತ್ತರವನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಅನ್ನುವ ಲೆಕ್ಕ) 14400 ಇದ್ದದ್ದನ್ನು 300ಕ್ಕೆ ಇಳಿಸಿದೆ. ಫೈಲ್, ಡೇಟಾಬೇಸ್ ಎರಡೂ ಕಾಪಿ ಆಯಿತು. ಲ್ಯಾಪ್‌ಟಾಪ್‌ನ ಹೋಸ್ಟ್ಸ್ ಫೈಲ್‌ನಲ್ಲಿ (ಡಿಎನ್‌ಎಸ್ ಬದಲು ಆ ಲ್ಯಾಪ್‌ಟಾಪ್ ಮಾತ್ರ ನೋಡುವ ಪಟ್ಟಿ) ಹೊಸ ಐಪಿ ಬರೆದು ಇಡೀ ಸೈಟ್ ತಿರುಗಿ ನೋಡಿದೆ, ಸರಿ ಇತ್ತು. ಆಮೇಲೆ ಎ ರೆಕಾರ್ಡ್ ಬದಲಿಸಿದೆ. ನೇಮ್‌ಸರ್ವರ್ (ಈ ದಾಖಲೆಗಳನ್ನು ಇಟ್ಟುಕೊಂಡಿರುವ ಸರ್ವರ್) ಮುಟ್ಟಿಲ್ಲ.

ಈಗ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಹೊಸ ಸೈಟ್ ಬರುತ್ತದೆ. ಫೋನ್‌ನ ವೈಫೈ ಆಫ್ ಮಾಡಿದರೆ ಹಳೇದು. ಗುರುತಿಗೆ ಅಂತ ಹೊಸದರ ಫುಟರ್‌ನಲ್ಲಿ ಒಂದು ಚುಕ್ಕಿ ಜಾಸ್ತಿ ಇಟ್ಟಿದ್ದೇನೆ, ಹಾಗಾಗಿ ಅನುಮಾನವೇ ಇಲ್ಲ. ಆರ್ಡರ್‌ಗಳು ಎರಡೂ ಕಡೆ ಬೀಳುತ್ತಿವೆ. ಇದರ ಜೊತೆಗೆ ಹೊಸ ಸರ್ವರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತೆಗೆಯಲು ಹೋದರೆ 404 (ಫೈಲ್ ಸಿಗಲಿಲ್ಲ) ಅಂತ ಹೇಳಿ ನಿಲ್ಲುತ್ತದೆ. ಸದ್ಯಕ್ಕೆ ಹಳೇ ಸರ್ಟಿಫಿಕೇಟ್ ಫೈಲನ್ನೇ ತಂದು ಹಾಕಿದ್ದೇನೆ. ಸಪೋರ್ಟ್‌ನವರನ್ನು ಕೇಳಿದರೆ "48 ಗಂಟೆ ಕಾಯಿರಿ" ಅನ್ನುತ್ತಾರೆ. ಕಾಯುವುದು ಬಿಟ್ಟು ಬೇರೆ ದಾರಿ ಇದೆಯಾ?

ಹಳೇಬೇರು

ಡಿಎನ್‌ಎಸ್ ಎಲ್ಲ ಕಡೆ ಹರಡೋಕೆ ಟೈಮ್ ಬೇಕು ಸರ್. ಫೋನ್‌ನಲ್ಲಿ ಕ್ಯಾಶ್ ಕ್ಲಿಯರ್ ಮಾಡಿ, ಏರೋಪ್ಲೇನ್ ಮೋಡ್ ಒಮ್ಮೆ ಆನ್ ಮಾಡಿ ಆಫ್ ಮಾಡಿ ನೋಡಿ. ನಾಳೆ ಅಷ್ಟೊತ್ತಿಗೆ ಸರಿಹೋಗುತ್ತದೆ.

ರಾತ್ರಿಪಾಳಿ

ಹಳೇಬೇರು ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದು ನಾಳೆಯೂ ಸರಿಹೋಗುವುದಿಲ್ಲ.

ಡಿಎನ್‌ಎಸ್ ತಾನಾಗಿ ಎಲ್ಲಿಗೂ ಹರಡುವುದಿಲ್ಲ. ರಿಸಾಲ್ವರ್ (ನಮ್ಮ ಪರವಾಗಿ ಹೆಸರಿನ ವಿಳಾಸ ಕೇಳಿ ತರುವ ಸರ್ವರ್) ಒಮ್ಮೆ ಕೇಳಿಕೊಂಡು ಬಂದ ಉತ್ತರವನ್ನು ಟಿಟಿಎಲ್ ಮುಗಿಯುವ ತನಕ ಇಟ್ಟುಕೊಳ್ಳುತ್ತದೆ, ಮುಗಿದ ಮೇಲೆ ಮತ್ತೆ ಹೋಗಿ ಕೇಳುತ್ತದೆ. ಅಷ್ಟೇ. 48 ಗಂಟೆ ಅನ್ನುವ ಲೆಕ್ಕ ಹೊಂದುವುದು ನೇಮ್‌ಸರ್ವರ್ ಬದಲಿಸಿದಾಗ. ಡಾಟ್ ಕಾಮ್ ನೋಡಿಕೊಳ್ಳುವ ಸರ್ವರ್‌ಗಳು ನೇಮ್‌ಸರ್ವರ್ ಉತ್ತರಕ್ಕೆ 172800 ಸೆಕೆಂಡಿನ ಟಿಟಿಎಲ್ ಹಾಕಿ ಕೊಡುತ್ತವೆ, ಅಂದರೆ ಸರಿಯಾಗಿ ಎರಡು ದಿನ. ಜೇನುಗೂಡು ಅವರೇ, ನೀವು ನೇಮ್‌ಸರ್ವರ್ ಮುಟ್ಟೇ ಇಲ್ಲ. ನಿಮ್ಮ ಲೆಕ್ಕ 300 ಸೆಕೆಂಡ್.

ಕೆಲವು ರಿಸಾಲ್ವರ್‌ಗಳು ಟಿಟಿಎಲ್ ಮೀರಿ ಸ್ವಲ್ಪ ಹೊತ್ತು ಹಳೇ ಉತ್ತರ ಕೊಡುವುದುಂಟು. ಹಾಗಾದರೆ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಹಳೇ ಸೈಟ್ ಕಾಣಬೇಕು. ನಿಮ್ಮಲ್ಲಿ ಹಾಗಿಲ್ಲ, ಬ್ರಾಡ್‌ಬ್ಯಾಂಡ್ ಒಂದು ಕಡೆ, ಮೊಬೈಲ್ ಡೇಟಾ ಒಂದು ಕಡೆ ಅಂತ ಗೆರೆ ಎಳೆದ ಹಾಗೆ ಇದೆ. ಅದಕ್ಕೆ ಆ 404 ಅನ್ನೂ ಸೇರಿಸಿ ನೋಡಿದರೆ ನನಗೆ ಬರುವ ಅನುಮಾನ ಒಂದೇ.

ಡಿಎನ್‌ಎಸ್ ಉತ್ತರ ಕೇಳುವ ಡಿಗ್ ಕಮಾಂಡ್‌ನಲ್ಲಿ ಎ ಬದಲು ಎಎಎಎ ಅಂತ ಕೊಟ್ಟು ಕೇಳಿ. ಎ ಇರುವುದು ಮಾಮೂಲಿ ಐಪಿವಿ4 ವಿಳಾಸಕ್ಕೆ, ಎಎಎಎ ಇರುವುದು ಐಪಿವಿ6 ಅನ್ನುವ ಹೊಸ ಬಗೆಯ ಉದ್ದದ ವಿಳಾಸಕ್ಕೆ. ಲ್ಯಾಪ್‌ಟಾಪ್‌ನ ರಿಸಾಲ್ವರನ್ನು ಕೇಳಬೇಡಿ, ನಿಮ್ಮ ಡೊಮೇನ್‌ನ ನೇಮ್‌ಸರ್ವರನ್ನೇ ನೇರವಾಗಿ ಕೇಳಿ. ಮುಂದೆ ಮೂರು ಡಬ್ಲ್ಯೂ ಇರುವ ಹೆಸರಿಗೂ ಕೇಳಿ, ಇಲ್ಲದ ಹೆಸರಿಗೂ ಕೇಳಿ. ಬಂದದ್ದನ್ನು ಟಿಟಿಎಲ್ ಸಮೇತ ಇಲ್ಲಿ ಹೇಳಿ.

ಜೇನುಗೂಡು

ಎರಡು ಹೆಸರಿಗೂ ಎಎಎಎ ಇದೆ ಸರ್! ಉದ್ದದ ಐಪಿವಿ6 ವಿಳಾಸ, ಹಳೇ ಹೋಸ್ಟ್‌ನದ್ದೇ. ಟಿಟಿಎಲ್ 14400. ಪ್ಯಾನೆಲ್‌ನಲ್ಲಿ "ಎ" ಅನ್ನುವ ಫಿಲ್ಟರ್ ಹಾಕಿದಾಗ ಇದು ಪಟ್ಟಿಯಲ್ಲೇ ಬರುವುದಿಲ್ಲ. ಹೋಸ್ಟಿಂಗ್ ಶುರುವಾದಾಗ ತಾನಾಗೇ ಸೇರಿಕೊಂಡಿರಬೇಕು. ಈಗಲೇ ಡಿಲೀಟ್ ಮಾಡಿಬಿಡಲಾ?

ರಾತ್ರಿಪಾಳಿ

ತಾಳಿ, ತಾಳಿ. ಏನಾಗುತ್ತಿದೆ ಅಂತ ಮೊದಲು ನೋಡೋಣ.

ನಮ್ಮಲ್ಲಿ ಮೊಬೈಲ್ ಡೇಟಾ ಬಹುಪಾಲು ಐಪಿವಿ6 ಮೇಲೇ ಓಡುತ್ತದೆ. ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಅದು ಇಲ್ಲ ಅಂತ ಕಾಣುತ್ತದೆ. ಒಂದು ಹೆಸರಿಗೆ ಎ, ಎಎಎಎ ಎರಡೂ ಇದ್ದರೆ ಬ್ರೌಸರ್ ಮೊದಲು ಐಪಿವಿ6 ಕಡೆ ಹೋಗುತ್ತದೆ. 2017ರ ಆರ್‌ಎಫ್‌ಸಿ 8305 (ಇಂಟರ್ನೆಟ್ ನಿಯಮಗಳ ದಾಖಲೆ) ಹೇಳುವ ಪ್ರಕಾರ ಮೊದಲ ವಿಳಾಸಕ್ಕೆ ಸುಮಾರು 250 ಮಿಲಿಸೆಕೆಂಡ್ ಮುಂಚೂಣಿ ಕೊಟ್ಟು, ಅಷ್ಟರಲ್ಲಿ ಉತ್ತರ ಬರದಿದ್ದರೆ ಮಾತ್ರ ಮುಂದಿನದನ್ನು ಪ್ರಯತ್ನಿಸಬೇಕು. ನಿಮ್ಮ ಹಳೇ ಸರ್ವರ್ ಆರೋಗ್ಯವಾಗಿ ಉತ್ತರ ಕೊಡುತ್ತಿದೆ. ಅಲ್ಲಿಗೆ ಮುಗಿಯಿತು, ಹೊಸ ಎ ರೆಕಾರ್ಡ್ ಮೊಬೈಲ್‌ನವರಿಗೆ ಬೇಕಾಗೇ ಇಲ್ಲ.

ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಅಷ್ಟೇ. ಡೊಮೇನ್ ನಿಮ್ಮದೇನಾ ಅಂತ ತಿಳಿಯಲು ಸರ್ವರ್‌ನಲ್ಲಿಟ್ಟ ಒಂದು ಫೈಲನ್ನು ಕೇಳುತ್ತದೆ, ಎಎಎಎ ಇದ್ದರೆ ಐಪಿವಿ6ನಲ್ಲೇ ಬಂದು ಪರೀಕ್ಷಿಸುತ್ತದೆ. ಕನೆಕ್ಷನ್ನೇ ಸಿಗದೆ ಟೈಮ್‌ಔಟ್ ಆದರೆ ಮಾತ್ರ ಐಪಿವಿ4ಗೆ ಇಳಿಯುತ್ತದೆ. ನಿಮ್ಮದರಲ್ಲಿ ಹಳೇ ಸರ್ವರ್ ಬಾಗಿಲು ತೆಗೆದು "ಆ ಫೈಲ್ ನನ್ನ ಹತ್ತಿರ ಇಲ್ಲ" ಅಂದಿದೆ. ಅದೇ ಆ 404.

ಈಗ ಡಿಲೀಟ್ ವಿಷಯ. ಟಿಟಿಎಲ್ ರೆಕಾರ್ಡ್‌ಗೊಂದರಂತೆ ಬೇರೆ ಬೇರೆ ಇರುತ್ತದೆ. ಎ ರೆಕಾರ್ಡ್‌ನದ್ದು ಇಳಿದಿದೆ, ಎಎಎಎ ಇನ್ನೂ 14400ರಲ್ಲೇ ಇದೆ. ಈ ಕ್ಷಣ ತೆಗೆದರೂ ಇನ್ನು ನಾಲ್ಕು ಗಂಟೆ ಮೊಬೈಲ್‌ನವರು ಹಳೇ ಕಡೆ ಬರುತ್ತಲೇ ಇರುತ್ತಾರೆ. ಅಷ್ಟು ಹೊತ್ತು ಅಲ್ಲಿ ಆರ್ಡರ್ ಬೀಳಬಾರದು. ಹಳೇದರಲ್ಲಿ ರೂಟ್ (ಪೂರ್ತಿ ಅಧಿಕಾರ) ಇದ್ದಿದ್ದರೆ ಎಂಜಿನ್ಎಕ್ಸ್ ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್ ಹಾಕಿ ಬಂದವರನ್ನೆಲ್ಲ ಹೊಸ ಕಡೆಗೆ ಪ್ರಾಕ್ಸಿ ಮಾಡಿ ಅನ್ನುತ್ತಿದ್ದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದಾಗುವುದಿಲ್ಲ. ಆದರೆ ಹಳೇ ಸೈಟ್‌ನ ಡಬ್ಲ್ಯೂಪಿ-ಕಾನ್ಫಿಗ್ ಅನ್ನುವ ಸೆಟ್ಟಿಂಗ್ ಫೈಲ್‌ನಲ್ಲಿ ಡೇಟಾಬೇಸ್ ಹೋಸ್ಟ್ ಅನ್ನು ಹೊಸ ಸರ್ವರ್‌ನ ಐಪಿಗೆ ತಿರುಗಿಸಬಹುದು. ಪುಟ ಹಳೇ ಸರ್ವರ್‌ನಿಂದ ಬರುತ್ತದೆ, ಆರ್ಡರ್ ಮಾತ್ರ ಹೊಸ ಡೇಟಾಬೇಸ್‌ಗೆ ಹೋಗುತ್ತದೆ. ಸ್ವಲ್ಪ ನಿಧಾನ ಆಗುತ್ತದೆ, ಆಗಲಿ ಬಿಡಿ. ಹೊಸ ಕಡೆ ಡೇಟಾಬೇಸ್‌ನ 3306 ಪೋರ್ಟನ್ನು ಹಳೇ ಸರ್ವರ್‌ನ ಐಪಿಗೆ ಮಾತ್ರ ತೆರೆಯಿರಿ, ಕೆಲಸ ಮುಗಿದ ತಕ್ಷಣ ಮುಚ್ಚಿ. ಇಡೀ ಲೋಕಕ್ಕೆ ತೆರೆದಿಟ್ಟು ಮಲಗಬೇಡಿ.

ಕೆಲವು ಶೇರ್ಡ್ ಹೋಸ್ಟ್‌ಗಳು ಆ ಪೋರ್ಟ್‌ನಲ್ಲಿ ಹೊರಗೆ ಹೋಗಲು ಬಿಡುವುದಿಲ್ಲ. ಆಗ ಉಳಿಯುವುದು ಹಳೇ ಕಡೆ ಚೆಕ್‌ಔಟ್ ನಿಲ್ಲಿಸುವುದೊಂದೇ.

ಕಮಾಂಡ್‌ಲೈನ್

ಡೇಟಾಬೇಸ್ ತಿರುಗಿಸುವ ಮೊದಲು ಒಂದು ಮಾತು. ಹಳೇದರ ಡಂಪ್ (ಪೂರ್ತಿ ಕಾಪಿ) ತೆಗೆದು ಹೊಸದರ ಮೇಲೆ ಹೇರಬೇಡಿ, ಹೊಸ ಕಡೆ ಬಿದ್ದ ಆರ್ಡರ್ ಅಳಿಸಿಹೋಗುತ್ತವೆ. ಎರಡೂ ಕಡೆ ಆರ್ಡರ್ ನಂಬರ್ ಒಮ್ಮೆ ಹೋಲಿಸಿ ನೋಡಿ.

ಜೇನುಗೂಡು

ನೋಡಿದೆ. ತಲೆ ತಿರುಗಿತು. 4187 ಅನ್ನುವ ಆರ್ಡರ್ ಎರಡೂ ಕಡೆ ಇದೆ. ಹಳೇದರಲ್ಲಿ ಒಬ್ಬರು ಒಂದು ಕಿಲೋ ಜೇನು ತೆಗೆದುಕೊಂಡಿದ್ದಾರೆ, ಹೊಸದರಲ್ಲಿ ಅದೇ ನಂಬರಿಗೆ ಬೇರೆಯವರ ಮಿಡಿ ಉಪ್ಪಿನಕಾಯಿ. ಜೇನಿನವರು ದುಡ್ಡು ಕಟ್ಟಿದ್ದಾರೆ, ಆದರೆ ಹಳೇ ಕಡೆ ಇನ್ನೂ "ಪಾವತಿ ಬಾಕಿ" ಅಂತಿದೆ. ಉಪ್ಪಿನಕಾಯಿಯವರು ಕಟ್ಟದೆ ಬಿಟ್ಟು ಹೋಗಿದ್ದರು, ಅದು "ಪ್ರೊಸೆಸಿಂಗ್" ತೋರಿಸುತ್ತಿದೆ!

ಕಮಾಂಡ್‌ಲೈನ್

ಆಗೋದೇ ಹಾಗೆ. ಒಂದೇ ಡೇಟಾಬೇಸ್‌ನ ಎರಡು ಕಾಪಿ, ಎರಡೂ ಒಂದೇ ನಂಬರಿನಿಂದ ಎಣಿಕೆ ಮುಂದುವರಿಸಿವೆ. ಪೇಮೆಂಟ್ ಗೇಟ್‌ವೇಯ ವೆಬ್‌ಹುಕ್ (ದುಡ್ಡು ಬಂದಾಗ ತಾನಾಗೇ ಕಳಿಸುವ ಸಂದೇಶ) ಹೊಸ ಸರ್ವರ್‌ಗೆ ಬಂದು "4187ರ ದುಡ್ಡು ಬಂತು" ಅಂದಿದೆ, ಅದು ತನ್ನ 4187ಕ್ಕೆ ಟಿಕ್ ಹಾಕಿದೆ. ಹಾಗಾಗಿ ಸ್ಟೇಟಸ್ ನಂಬಿ ಪಾರ್ಸೆಲ್ ಕಳಿಸಬೇಡಿ. ಗೇಟ್‌ವೇ ಡ್ಯಾಶ್‌ಬೋರ್ಡ್ ತೆಗೆದು ಮೊತ್ತ, ಫೋನ್ ನಂಬರ್ ತಾಳೆ ನೋಡಿ ಒಂದೊಂದೇ ಸರಿಮಾಡಿ. ಹಳೇ ಕಡೆಯವು ಕೆಲವೇ ಇದ್ದರೆ ಹೊಸದರಲ್ಲಿ ಕೈಯಾರೆ ಸೇರಿಸುವುದೇ ಸಲೀಸು. ಸ್ಟಾಕ್ ಕಳೆಯುವುದು ಮರೆಯಬೇಡಿ.

ಮುಂದೆ ಸೈಟ್ ಸಾಗಿಸುವವರಿಗೆ ಹೇಳುವುದಾದರೆ, ಬದಲಿಸುವ ಮೊದಲೇ ಹೊಸ ಕಡೆ ಪೋಸ್ಟ್ಸ್ ಟೇಬಲ್‌ನ ಆಟೋ ಇನ್‌ಕ್ರಿಮೆಂಟ್ (ಮುಂದಿನ ನಂಬರಿನ ಎಣಿಕೆ) ಅನ್ನು ಹತ್ತು ಸಾವಿರ ಮುಂದಕ್ಕೆ ತಳ್ಳಿಬಿಡಿ. ಆಗ ನಂಬರ್ ನೋಡಿದರೇ ಆರ್ಡರ್ ಯಾವ ಸರ್ವರ್‌ನದ್ದು ಅಂತ ಗೊತ್ತಾಗುತ್ತದೆ, ಡಿಕ್ಕಿಯೂ ಹೊಡೆಯುವುದಿಲ್ಲ.

ರಾತ್ರಿಪಾಳಿ

ಆಟೋ ಇನ್‌ಕ್ರಿಮೆಂಟ್ ಉಪಾಯ ಚೆನ್ನಾಗಿದೆ, ನಾನೂ ಇಟ್ಟುಕೊಳ್ಳುತ್ತೇನೆ.

ಜೇನುಗೂಡು ಅವರೇ, ನಿಮ್ಮ ವಿಪಿಎಸ್‌ಗೆ ಐಪಿವಿ6 ಇದ್ದರೆ ಎಎಎಎ ಅಳಿಸಬೇಡಿ, ಹೊಸ ವಿಳಾಸಕ್ಕೆ ಬದಲಿಸಿ. ಆದರೆ ಅದಕ್ಕೂ ಮೊದಲು ಎಂಜಿನ್ಎಕ್ಸ್‌ನಲ್ಲಿ ಐಪಿವಿ6ಗೂ ಲಿಸನ್ ಸಾಲು (ಯಾವ ಪೋರ್ಟ್‌ನಲ್ಲಿ ಉತ್ತರ ಕೊಡಬೇಕು ಅನ್ನುವುದು) ಇದೆಯಾ, ಫೈರ್‌ವಾಲ್ ಅದನ್ನು ಬಿಡುತ್ತಿದೆಯಾ ನೋಡಿ. ಪುಟ ತರಿಸಿ ನೋಡುವ ಕರ್ಲ್ ಕಮಾಂಡ್‌ಗೆ -6 ಕೊಟ್ಟು, ರಿಸಾಲ್ವ್ ಆಪ್ಷನ್‌ನಲ್ಲಿ ಹೊಸ ಐಪಿವಿ6 ವಿಳಾಸ ಹಾಕಿದರೆ ಡಿಎನ್‌ಎಸ್ ಬದಲಿಸದೆಯೇ ಪರೀಕ್ಷಿಸಬಹುದು. ಐಪಿವಿ6 ಇರುವ ಮೆಷಿನ್‌ನಿಂದ ಮಾಡಿ, ಲ್ಯಾಪ್‌ಟಾಪ್‌ಗೆ ಫೋನ್‌ನ ಹಾಟ್‌ಸ್ಪಾಟ್ ಕೊಟ್ಟರೂ ಸಾಮಾನ್ಯವಾಗಿ ಆಗುತ್ತದೆ.

ಜೇನುಗೂಡು

3306ಕ್ಕೆ ದಾರಿ ಸಿಕ್ಕಿತು, ಹಳೇ ಸೈಟ್ ಈಗ ಹೊಸ ಡೇಟಾಬೇಸ್‌ನಿಂದಲೇ ನಡೆಯುತ್ತಿದೆ. ಲಿಸನ್ ಸಾಲು 80ನೇ ಪೋರ್ಟ್‌ಗೆ ಇತ್ತು, ಎಚ್‌ಟಿಟಿಪಿಎಸ್‌ನ 443ಕ್ಕೆ ಇರಲಿಲ್ಲ, ಸೇರಿಸಿದೆ. ಎಎಎಎ ಬದಲಿಸಿದೆ. ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ಫೋನ್‌ನಲ್ಲೂ ಆ ಚುಕ್ಕಿ ಕಂಡಿತು. ಸರ್ಟಿಫಿಕೇಟ್ ಮೊದಲ ಸಲಕ್ಕೇ ಬಂತು.

ಆದರೆ ಈಗ ಮೇಲ್ ಕೈಕೊಟ್ಟಿದೆ. ಎ ಬದಲಿಸಿದಾಗಿನಿಂದ ಕೆಲವು ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಎಎಎಎ ಬದಲಿಸಿದ ಮೇಲೆ ಒಂದೂ ಇಲ್ಲ. ಮೇಲ್ ಇನ್ನೂ ಹಳೇ ಹೋಸ್ಟಿಂಗ್‌ನಲ್ಲೇ ಇದೆ.

ರಾತ್ರಿಪಾಳಿ

ನಿಮ್ಮ ಎಂಎಕ್ಸ್ ರೆಕಾರ್ಡ್ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವುದು) ನಿಮ್ಮ ಡೊಮೇನ್ ಹೆಸರನ್ನೇ ತೋರಿಸುತ್ತಿರಬೇಕು. ಸಿಪ್ಯಾನೆಲ್ ಅನ್ನುವ ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಮಾಮೂಲಾಗಿ ಹಾಗೇ ಇರುತ್ತದೆ. ವೆಬ್‌ಸೈಟ್ ಹೋದಲ್ಲಿಗೆ ಮೇಲೂ ಹೋಗಿದೆ. ಇಷ್ಟು ದಿನ ಐಪಿವಿ6ನಲ್ಲಿ ಕಳಿಸುವವರ ಮೇಲ್ ಹಳೇ ಎಎಎಎ ಹಿಡಿದು ಬರುತ್ತಿತ್ತು, ಈಗ ಆ ದಾರಿಯೂ ಮುಚ್ಚಿತು.

"ಮೇಲ್" ಅನ್ನುವ ಸಬ್‌ಡೊಮೇನ್‌ಗೆ ಸಿನೇಮ್ (ಇನ್ನೊಂದು ಹೆಸರಿನ ಕಡೆ ತೋರಿಸುವ ರೆಕಾರ್ಡ್) ಇದ್ದರೆ ಅಳಿಸಿ, ಎಂಎಕ್ಸ್ ಸಿನೇಮ್ ಕಡೆ ತೋರಿಸಬಾರದು. ಅದೇ ಹೆಸರಿಗೆ ಹಳೇ ಸರ್ವರ್‌ನ ಐಪಿವಿ4 ಹಾಕಿ ಎ ರೆಕಾರ್ಡ್ ಮಾಡಿ, ಎಂಎಕ್ಸ್ ಅನ್ನು ಅದಕ್ಕೆ ತಿರುಗಿಸಿ. ಮೇಲ್ ಕಳೆದುಹೋಯಿತು ಅಂತ ಗಾಬರಿ ಬೇಡ. ಹೊಸ ಸರ್ವರ್‌ನ ಮೇಲ್ ತೆಗೆದುಕೊಳ್ಳುವ 25ನೇ ಪೋರ್ಟ್‌ನಲ್ಲಿ ಯಾರೂ ಇಲ್ಲದಿದ್ದರೆ ಕಳಿಸುವ ಸರ್ವರ್‌ಗಳು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಆರ್‌ಎಫ್‌ಸಿ 5321 ಪ್ರಕಾರ ಕೈಬಿಡುವ ಮೊದಲು ಕನಿಷ್ಠ 4-5 ದಿನ ನೋಡಬೇಕು. ಹೊಸ ಸರ್ವರ್‌ನಲ್ಲಿ ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸಾಫ್ಟ್‌ವೇರ್ ಹೊರಗಿನ ಮೇಲ್ ತೆಗೆದುಕೊಳ್ಳುವಂತೆ ಇದ್ದರೆ ಮಾತ್ರ ಕಷ್ಟ, ಅಂಥ ಹೆಸರೇ ಇಲ್ಲ ಅಂತ ವಾಪಸ್ ಕಳಿಸಿರುತ್ತದೆ. ಲಾಗ್ ನೋಡಿ.

ಜೇನುಗೂಡು

ಪೋಸ್ಟ್‌ಫಿಕ್ಸ್ ಲೋಕಲ್‌ಗೆ ಮಾತ್ರ ಇತ್ತು, ಬಚಾವ್. ಎಂಎಕ್ಸ್ ಬದಲಿಸಿದೆ, ತಡವಾದ ಮೇಲ್‌ಗಳು ಒಂದೊಂದೇ ಬೀಳುತ್ತಿವೆ. ಹಳೇ ಹೋಸ್ಟಿಂಗ್ ಯಾವಾಗ ನಿಲ್ಲಿಸಬಹುದು?

ರಾತ್ರಿಪಾಳಿ

ಮೇಲ್ ಅಲ್ಲಿರುವ ತನಕ ನಿಲ್ಲಿಸುವ ಹಾಗಿಲ್ಲ. ಮೇಲ್‌ಬಾಕ್ಸ್‌ಗಳನ್ನು ಐಮ್ಯಾಪ್‌ಸಿಂಕ್ ಅನ್ನುವ ಟೂಲ್‌ನಲ್ಲಿ ಬೇರೆ ಕಡೆ ಸಾಗಿಸಿ. ಆಮೇಲೆ ಹಳೇ ಸರ್ವರ್‌ನ ಆಕ್ಸೆಸ್ ಲಾಗ್ ತೆಗೆದು ನೋಡಿ. ಬಾಟ್‌ಗಳು ಬಿಟ್ಟು ಬೇರೆ ಯಾರೂ ಬರುತ್ತಿಲ್ಲ ಅಂದರೆ ನಿಲ್ಲಿಸಿ. ಮನುಷ್ಯರು ಬರುತ್ತಿದ್ದರೆ ಎಲ್ಲೋ ಇನ್ನೊಂದು ರೆಕಾರ್ಡ್ ಉಳಿದಿದೆ ಅಂತ ಲೆಕ್ಕ. ಅಂದಹಾಗೆ, ಆ 3306 ಮುಚ್ಚಿದಿರಾ?