ಸಹಾಯ ಬೇಕು: ಮಾರುತಿ 800ರ ಬಾಗಿಲಿಗೆ ತುಕ್ಕು

ನಮಸ್ಕಾರ. ನಮ್ಮದು 2004ರ ಮಾರುತಿ 800, ಇರುವುದು ಮಲ್ಪೆಯ ಕಡಲ ಗಾಳಿಯಲ್ಲಿ. ಎಂಜಿನ್ ಗಟ್ಟಿಮುಟ್ಟಾಗಿದೆ, ತಗಡನ್ನು ಮಾತ್ರ ತುಕ್ಕು ತಿನ್ನುತ್ತಿದೆ. ಎಡಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ತಗಡು ಹಪ್ಪಳದಂತೆ ಉದುರಿ, ಎರಡು ಬೆರಳು ತೂರುವಷ್ಟು ತೂತಾಯಿತು. ನೀರು ಇಳಿದುಹೋಗುವ ರಂಧ್ರಗಳು ಕೆಸರಿನಿಂದ ಮುಚ್ಚಿದ್ದವು, ಅವನ್ನು ಬಿಡಿಸಿದ್ದೇನೆ.

ಗ್ಯಾರೇಜಿನವರು ಹೇಳಿದ ಖರ್ಚಿಗೆ ಕಾರನ್ನೇ ಮಾರಬೇಕು! ಹಾಗಾಗಿ ವೈರ್ ಬ್ರಷ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ (ಬಣ್ಣಕ್ಕೂ ಮೊದಲು ಹಚ್ಚುವ, ತುಕ್ಕು ತಡೆಯುವ ಲೇಪ) ಹೊಡೆಯುವ ಯೋಚನೆಯಿದೆ. ತೂತಿಗೆ ಬರೀ ಪುಟ್ಟಿ ಮೆತ್ತಿದರೆ ಒಂದು ಮಳೆಗಾಲವೂ ಬಾಳದು. ಫೈಬರ್‌ಗ್ಲಾಸ್ ಹಾಳೆ ಅಂಟಿಸಿದರೆ ಸಾಕೇ, ತಗಡಿನ ತುಂಡು ವೆಲ್ಡಿಂಗ್ ಮಾಡಿಸಲೇಬೇಕೇ? ಬಾಗಿಲಿನ ಒಳಮೈಗೆ ಏನು ಬಳಿಯುತ್ತೀರಿ? ಮಾಡಿ ನೋಡಿದವರು ತಿಳಿಸಿ. ಹೊಸ ಕಾರು ಕೊಳ್ಳಿ ಎನ್ನುವವರು ದಯವಿಟ್ಟು ಸುಮ್ಮನಿರಿ.