ಅತ್ತೆಯ ಆಪರೇಷನ್ ಬಿಲ್ 1,84,000, ಇನ್ಶೂರೆನ್ಸ್ ಕೊಟ್ಟಿದ್ದು 1,03,200. ಇಷ್ಟು ಕಡಿಯೋದು ಸರೀನಾ?

ತಿಪಟೂರಿನ ಸೊಸೆ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಹೋದ ತಿಂಗಳು ನಮ್ಮತ್ತೆಗೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. 3 ಲಕ್ಷದ ಪಾಲಿಸಿ ಇದೆ. ಆರು ವರ್ಷದಿಂದ ಒಂದು ಸಲವೂ ಪ್ರೀಮಿಯಂ ತಪ್ಪಿಸಿಲ್ಲ.

ಅಡ್ಮಿಟ್ ಆಗಿದ್ದು ರಾತ್ರಿ ಹನ್ನೊಂದಕ್ಕೆ. ಜನರಲ್ ವಾರ್ಡ್ ಖಾಲಿ ಇಲ್ಲ, ದಿನಕ್ಕೆ 5,000ದ ರೂಮ್ ಮಾತ್ರ ಇದೆ ಎಂದರು. ಅತ್ತೆ ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಮುದುಡಿ ಕೂತಿದ್ದರು. ಆಗ ರೂಮಿನ ಬಾಡಿಗೆ ಯಾರು ಯೋಚಿಸುತ್ತಾರೆ? ಸೈನ್ ಹಾಕಿದೆವು.

ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 3,000 ಮಿತಿಯಂತೆ. ಐದು ದಿನಕ್ಕೆ ಜಾಸ್ತಿಯಾದ 10,000 ನಮ್ಮದು, ಒಪ್ಪುತ್ತೇನೆ. ಆದರೆ ಡಾಕ್ಟರ್, ಥಿಯೇಟರ್, ನರ್ಸಿಂಗ್ ಸೇರಿದ 85,000ದಲ್ಲಿ 34,000 ಕಡಿದಿದ್ದಾರೆ. ಔಷಧಿ ಮತ್ತು ಟೆಸ್ಟಿನ 62,000ದಲ್ಲಿ 24,800. ಗ್ಲೌಸ್, ಹತ್ತಿ ಅಂತ ಇನ್ನೂ 12,000. ಡಿಸ್ಚಾರ್ಜ್ ದಿನ ಬೇರೆ ದಾರಿ ಇರಲಿಲ್ಲ. ಅಟ್ಟದ ಮೇಲಿದ್ದ ಕಾಯಿ ಇನ್ನೂ ಕೊಬ್ಬರಿ ಆಗಿರಲಿಲ್ಲ, ಬರೀ ಕಾಯಿ ಲೆಕ್ಕದಲ್ಲೇ ಕೊಟ್ಟು ದುಡ್ಡು ಹೊಂದಿಸಿದೆವು. ರೂಮ್ ದೊಡ್ಡದಾದರೆ ಮಾತ್ರೆಯ ರೇಟೂ ಜಾಸ್ತಿ ಆಗುತ್ತಾ?

ಮೈಸೂರು ಡೆಸ್ಕ್:

ಅಕ್ಕಾ, ನಾನು ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮಾತ್ರೆಯ ರೇಟು ರೂಮಿನ ಮೇಲೆ ಹೋಗಲ್ಲ.

5,000ದ ರೂಮಿಗೆ 3,000 ಅಂದರೆ ಐದರಲ್ಲಿ ಮೂರು ಪಾಲು. ಅದೇ ಲೆಕ್ಕ ಡಾಕ್ಟರ್ ಫೀಸಿಗೂ ಹಾಕುತ್ತಾರೆ, ಯಾಕಂದರೆ ತುಂಬಾ ಆಸ್ಪತ್ರೆಗಳಲ್ಲಿ ರೂಮ್ ಬದಲಾದರೆ ಸರ್ಜನ್ ಫೀಸೂ ಬದಲಾಗುತ್ತದೆ. ಅದೇ ಡಾಕ್ಟರ್, ಅದೇ ಥಿಯೇಟರ್, ಆದರೂ ಬೇರೆ ರೇಟು. ನನಗೆ ಇದು ಇವತ್ತಿಗೂ ಸರಿ ಅನಿಸಿಲ್ಲ. ಆದರೆ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಹೇಳಿದೆ: ಔಷಧಿ, ಇಂಪ್ಲಾಂಟ್, ಟೆಸ್ಟ್ ಇವುಗಳಿಗೆ ಈ ಪಾಲಿನ ಲೆಕ್ಕ ಹಾಕುವಂತಿಲ್ಲ. ಐಸಿಯು ಚಾರ್ಜಿಗೂ ಇಲ್ಲ. ಹಾಗಾಗಿ ಆ 24,800 ಕೇಳಿ.

ಇನ್ನೊಂದು ವಿಷಯ. ರೂಮಿನ ಮೇಲೆ ರೇಟು ಬದಲಿಸದ ಆಸ್ಪತ್ರೆಯಾದರೆ ಡಾಕ್ಟರ್ ಫೀಸಿನ 34,000 ಕೂಡ ಕಡಿಯುವಂತಿಲ್ಲ. ಬಿಲ್ಲಿಂಗ್‌ನವರನ್ನು ಕೇಳಿ, ಹಾಗಿದ್ದರೆ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಗ್ಲೌಸ್, ಹತ್ತಿಯ 12,000 ಸಿಗೋದು ಕಷ್ಟ.

ಕಂಪನಿಯ ದೂರು ವಿಭಾಗಕ್ಕೆ ಮೇಲ್ ಹಾಕಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ, ಕಂಪನಿಗೂ ಗ್ರಾಹಕರಿಗೂ ನಡುವಿನ ತಕರಾರು ತೀರ್ಮಾನಿಸುವವರು ಅವರು. ಫೀಸ್ ಇಲ್ಲ, ವಕೀಲರೂ ಬೇಡ. ಫೋನಿನಲ್ಲಿ ಜಗಳ ಆಡಬೇಡಿ, ಅದಕ್ಕೆ ದಾಖಲೆ ಇರಲ್ಲ.

ಅರಸೀಕೆರೆ ಡೇರಿ:

ತಂಗಿ, ನಿಮ್ಮ ಮನೆಯಲ್ಲಿ ಯಾರಾದರೂ ಹಾಲಿನ ಸೊಸೈಟಿ ಅಥವಾ ಸಹಕಾರ ಸಂಘದ ಸದಸ್ಯರು ಇದ್ದಾರಾ? ಇದ್ದರೆ ಯಶಸ್ವಿನಿ ಮಾಡಿಸಿ, ಸಹಕಾರ ಸಂಘದ ಸದಸ್ಯರಿಗೆ ಸರ್ಕಾರದ ಆರೋಗ್ಯ ಯೋಜನೆ ಅದು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ. ನೋಂದಣಿ ವರ್ಷಪೂರ್ತಿ ಇರಲ್ಲ, ಸೆಕ್ರೆಟರಿಯನ್ನು ಕೇಳುತ್ತಾ ಇರಿ. ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗಬೇಕು.

2003ರಲ್ಲಿ ಶುರುವಾದ ಯೋಜನೆ ಇದು. 2018ರಲ್ಲಿ ಸರ್ಕಾರದ ಇನ್ನೊಂದು ಆರೋಗ್ಯ ಯೋಜನೆಯಾದ ಆರೋಗ್ಯ ಕರ್ನಾಟಕಕ್ಕೆ ಸೇರಿಸಿ ನಿಲ್ಲಿಸಿದರು. ಬಿಪಿಎಲ್ ಕಾರ್ಡ್ ಇದ್ದವರಿಗೆ ಅಲ್ಲಿ 5 ಲಕ್ಷ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜಿನ 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ನಮ್ಮ ಅಣ್ಣನ ಹಾರ್ಟ್ ಆಪರೇಷನ್ ಆ ಮಧ್ಯದ ವರ್ಷಗಳಲ್ಲೇ ಬಂತು. ಎರಡು ಎಕರೆ ತೆಂಗು ಇದೆ ಅಂತ ಕಾರ್ಡ್ ಎಪಿಎಲ್, ಕೈಯಲ್ಲಿ ಕಾಸಿಲ್ಲ. 2022-23ರಲ್ಲಿ ಯಶಸ್ವಿನಿ ವಾಪಸ್ ಬಂತು. ಯಾವ ಪಕ್ಷ ಬಂದರೂ ಇದನ್ನು ಮತ್ತೆ ಮುಟ್ಟಬಾರದು. ವೋಟು ಕೇಳಲು ಬಂದವರಿಗೆ ನಾನು ಇದನ್ನೇ ಹೇಳುತ್ತೇನೆ.

ತಿಪಟೂರಿನ ಸೊಸೆ:

ಅಣ್ಣಾ, ಮಾವ ಹಾಲಿನ ಸೊಸೈಟಿಯ ಸದಸ್ಯರು. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಮೈಸೂರಿನವರೇ, ಇನ್ನೊಂದು ಪ್ರಶ್ನೆ. ಯಜಮಾನರು ಸಿಟ್ಟಿನಲ್ಲಿ ಈ ಪಾಲಿಸಿಯೇ ಬೇಡ ಅನ್ನುತ್ತಿದ್ದಾರೆ. ಅತ್ತೆಗೆ 66, ಶುಗರ್ ಇದೆ.

ಮೈಸೂರು ಡೆಸ್ಕ್:

ದಯವಿಟ್ಟು ಬಿಡಬೇಡಿ. ಬಿಟ್ಟು ಹೊಸದು ಮಾಡಿಸಿದರೆ ಶುಗರ್‌ಗೆ ಮೂರು ವರ್ಷದವರೆಗೂ ಕಾಯಿಸಬಹುದು. ಬೇರೆ ಕಂಪನಿಯ, ರೂಮ್ ಮಿತಿ ಇಲ್ಲದ ಪಾಲಿಸಿಗೆ ಪೋರ್ಟ್ ಮಾಡಿಸಿದರೆ, ಅಂದರೆ ಇದೇ ಪಾಲಿಸಿಯನ್ನು ಅಲ್ಲಿಗೆ ವರ್ಗಾಯಿಸಿದರೆ, ಈಗಾಗಲೇ ಕಾದ ವರ್ಷಗಳು 3 ಲಕ್ಷದ ಮಟ್ಟಿಗೆ ಲೆಕ್ಕಕ್ಕೆ ಬರುತ್ತವೆ. ರಿನ್ಯೂವಲ್‌ಗೆ ಒಂದೂವರೆ ತಿಂಗಳು ಮೊದಲೇ ಅರ್ಜಿ ಹಾಕಿ. ಹೊಸ ಕಂಪನಿ ಒಪ್ಪುವವರೆಗೆ ಹಳೆಯದನ್ನು ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಮನೆಮಂದಿಯ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ, ಮೊದಲು 18% ಇತ್ತು.

ತಿಪಟೂರಿನ ಸೊಸೆ:

ಮಗಳ ಕೈಲಿ ಮೇಲ್ ಟೈಪ್ ಮಾಡಿಸಿ ಈಗಷ್ಟೇ ಕಳಿಸಿದೆ, 24,800 ಅಂತ ಬರೆದೇ ಕೇಳಿದ್ದೇನೆ. ಸೋಮವಾರ ಹೊಲಿಗೆ ತೆಗೆಸಲು ಅತ್ತೆಯನ್ನು ಕರೆದುಕೊಂಡು ಹೋಗುತ್ತೇವೆ. ಹಾಗೇ ಬಿಲ್ಲಿಂಗ್ ಕೌಂಟರಿಗೂ ಹೋಗಿ ಲೆಟರ್ ಕೇಳುತ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.